ಸಾವಿನ ಗಾಡಿಯ ಹಾರ್ನ್

ನಾಗೇಶನಿಗೆ ಹೊಸ ಸಾಮಾನು ಕಂಡರೆ ಆಗದು. ಬಟ್ಟೆ ಪಾತ್ರೆಗಳ ಮಾತು ಬೇರೆ, ಅವು ಹೆಂಡತಿ ಭಾನುಪ್ರಿಯಾಳ ಖಾತೆಗೆ ಸೇರಿದವು. ಆದರೆ ತನ್ನ ಬಿಳಿ ಕಾರಿಗೆಂದು ಅಂಗಡಿಗೆ ಹೋಗಿ, ರಟ್ಟಿನ ಡಬ್ಬಿಯಲ್ಲಿ ಮಲಗಿಸಿದ ಬಿಡಿಭಾಗವೊಂದನ್ನು ಪೂರ್ತಿ ದುಡ್ಡು ಕೊಟ್ಟು ತರುವುದೆಂದರೆ ಅವನ ಪಾಲಿಗೆ ಮರ್ಯಾದೆ ಹೋದ ಹಾಗೆ. ಹೊಳೆನರಸೀಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಅವನು. ಮನೆ ಅರಕಲಗೂಡಿನಲ್ಲಿ. ಕಾರು ಅವನ ಕೈಗೆ ಬರುವ ಹೊತ್ತಿಗೆ ಇನ್ನಿಬ್ಬರ ಕೈಯಲ್ಲಿ ಸವೆದಿತ್ತು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ತಲೆ ಒಳಗಿಟ್ಟನೆಂದರೆ ಊಟಕ್ಕೆ ಕೂಗಿ ಕೂಗಿ ಭಾನುಪ್ರಿಯಾಳ ಗಂಟಲು ಒಣಗಬೇಕು. "ಆ ಕಾರನ್ನೇ ಕಟ್ಕಂಡಿದ್ರೆ ಆಗಿತ್ತು, ನನ್ನ ಯಾಕ್ ಕಟ್ಕಂಡ್ರಿ" ಎಂದು ಅವಳು ಬೈದರೆ, ಗ್ರೀಸು ಮೆತ್ತಿದ ಮುಖ ಹೊರಗೆ ತೆಗೆದು ಹಲ್ಲು ಬಿಡುತ್ತಿದ್ದ.

ಅವನ ಕಾರಿನ ಅರ್ಧದಷ್ಟು ಭಾಗ ಹಾಸನದ ಅಮರನಾಥನ ಗುಜರಿಯಿಂದ ಬಂದದ್ದು. ಚನ್ನರಾಯಪಟ್ಟಣದ ಕಡೆಗೆ ಹೋಗುವ ಹೆದ್ದಾರಿಗೆ ಹತ್ತಿಕೊಂಡೇ ಆ ಗುಜರಿ ಇದೆ. ಹೆದ್ದಾರಿಯಲ್ಲಿ ನುಜ್ಜುಗುಜ್ಜಾದ ಗಾಡಿಗಳು ಕೊನೆಗೆ ಬಂದು ಬೀಳುವುದು ಅಲ್ಲೇ. ಅಗ್ಗಕ್ಕೆ ಸಾಮಾನು ಹುಡುಕಿಕೊಂಡು ಬರುವವರು ಅಲ್ಲಿ ಬೆಲೆ ಕೇಳುವುದಕ್ಕೂ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: "ಇದ್ರಲ್ಲಿ ಯಾರಾದ್ರೂ ಓಗವ್ರಾ?" ಸತ್ತಿದ್ದಾರಾ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಅಮರನಾಥನೂ ಮುಖದ ಒಂದು ಗೆರೆ ಅಲುಗಿಸದೆ, "ಇಲ್ಲಾ ಸಾ, ಕಾಲು ಮುರ್ಕಂಡು ಮನೇಲವ್ರೆ" ಎನ್ನುತ್ತಾನೆ. ಅವನ ಮಾತು ನಂಬಿದರೆ ಆ ಹೆದ್ದಾರಿಯಲ್ಲಿ ಇಂದಿನವರೆಗೂ ಒಬ್ಬರೂ ಸತ್ತಿಲ್ಲ. ಎಲ್ಲರೂ ಕಾಲು ಮುರಿದುಕೊಂಡು ಮನೆಯಲ್ಲಿದ್ದಾರೆ.

ನಾಗೇಶ ಮಾತ್ರ ಉಲ್ಟಾ. ಗೇಟಿನಲ್ಲೇ ನಿಂತು, "ಸಾವಿನ ಗಾಡಿ ಯಾವ್ದೈತೆ ತೋರ್ಸು" ಎಂದು ಕೂಗುತ್ತಿದ್ದ. ಜನ ಮುಟ್ಟಲು ಹೆದರುವ ಸಾಮಾನು ಕಾಲು ಬೆಲೆಗೆ ಸಿಗುತ್ತದೆ ಎನ್ನುವುದು ಅವನಿಗೆ ತಿಳಿದುಹೋಗಿತ್ತು. ಅಪ್ಪ ಲಕ್ಕಯ್ಯನ ಕಾಲದಲ್ಲೇ ಅವರ ಮನೆಯವರು ಬೌದ್ಧ ಧರ್ಮಕ್ಕೆ ಸೇರಿದ್ದರು. ಆ ಮನೆಯಲ್ಲಿ ನಿಂಬೆಹಣ್ಣು ಕಟ್ಟುವುದಿಲ್ಲ, ರಾಹುಕಾಲ ನೋಡುವುದಿಲ್ಲ. ತಾಯಿ ಮಾದಮ್ಮನಿಗೆ ಮಾತ್ರ ಹಳೆಯ ಅಂಜಿಕೆ ಪೂರ್ತಿ ಬಿಟ್ಟಿರಲಿಲ್ಲ. ಮಗ ಸತ್ತವರ ಗಾಡಿಯ ಕನ್ನಡಿಯನ್ನೋ ಬಾಗಿಲಿನ ಹಿಡಿಯನ್ನೋ ತಂದಾಗಲೆಲ್ಲ, "ಯಾರ ಮನೆ ಸಂಕಟವೋ ಏನೋ, ತಂದು ನಮ್ಮನೆಗಾಕ್ತೀಯಲ್ಲೋ" ಎಂದು ಗೊಣಗುತ್ತಿದ್ದಳು.

"ಅವ್ವ, ಕಬ್ಬಿಣಕ್ಕೇನು ಗೊತ್ತು ಯಾರು ಸತ್ರು ಅಂತ?" ಎನ್ನುತ್ತಿದ್ದ ಅವನು. ಪಾಠ ಹೇಳುವ ದನಿ. ಮಾದಮ್ಮ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಹಾರ್ನ್ ಮೂಕವಾಯಿತು. ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ, ಕೇಳಿದ್ದಕ್ಕೇ ಕೈ ಸುಟ್ಟುಕೊಂಡವನ ಹಾಗೆ ಹಿಂದಕ್ಕೆ ಬಂದು, ಮಾರನೆಯ ಭಾನುವಾರವೇ ಹಾಸನಕ್ಕೆ ಹೋದ. ಗುಜರಿಯ ಮೂಲೆಯಲ್ಲಿ ಒಂದು ಕೆಂಪು ಕಾರು ಬಿದ್ದಿತ್ತು. ಬಲಭಾಗ ಪೂರ್ತಿ ಒಳಕ್ಕೆ ಕುಸಿದು, ಎಡಭಾಗ ಮಾತ್ರ ಏನೂ ಆಗದಂತೆ ಫಳಫಳ ಎನ್ನುತ್ತಿತ್ತು. ಮುಂಭಾಗದ ಜಾಲರಿಯ ಹಿಂದೆ ಜೋಡಿ ಹಾರ್ನ್. ಯಾರೋ ಆಸೆಪಟ್ಟು ಆಮೇಲೆ ಹಾಕಿಸಿದ್ದು, ಕಾರಿನ ಜೊತೆಗೆ ಬಂದದ್ದಲ್ಲ.

ಅಮರನಾಥ ಎರಡು ವೈರು ತಂದು ಬ್ಯಾಟರಿಗೆ ಮುಟ್ಟಿಸಿದ. ಮೊದಲು ಒಂದು ತೆಳು ದನಿ ಎದ್ದಿತು. ದಪ್ಪ ದನಿ ಅದರ ಜೊತೆಗೇ ಏಳಬೇಕಿತ್ತು, ಏಳಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಮ್ಮೆ ಬಿಕ್ಕಿ, ಆಮೇಲೆ ಬಂದು ಕೂಡಿಕೊಂಡಿತು.

"ನೀರು ಓಗೈತೆ ಸಾ, ಅದುಕ್ಕೇ ಬಿಕ್ಕಳಿಕೆ" ಎಂದ ಅಮರನಾಥ. "ನಿಮ್ ಹತ್ರ ಸುಳ್ಳು ಯಾಕೆ, ಉಡುಗ ಓಗವ್ನೆ ಇದ್ರಲ್ಲಿ. ಯಾರೂ ಮುಟ್ಟಿಲ್ಲ. ನಿಮಗೆ ತೋಚಿದ್ದು ಕೊಡಿ."

ನಾಗೇಶ ತೋಚಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಕೊಟ್ಟು, ಜೋಡಿ ಹಾರ್ನನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬಂದ. ಸಂಜೆಯೊಳಗೆ ಕೂರಿಸಿಯೂ ಆಯಿತು. ಅಂಗಳದಲ್ಲಿ ಅದು ಬಿಕ್ಕಿದ್ದನ್ನು ಕೇಳಿ ಭಾನುಪ್ರಿಯಾ ಬಿದ್ದು ಬಿದ್ದು ನಕ್ಕಳು. ಬಿಡುವಾದಾಗ ಸರಿಮಾಡಿದರಾಯಿತು ಎಂದು ಅವನೂ ಬಿಟ್ಟ.

ಮಾಗಿಯ ಚಳಿ ಹಿಡಿದ ಮೇಲೆ ಹೊಳೆನರಸೀಪುರದ ರಸ್ತೆಯಲ್ಲಿ ಮೋರಿ ಕೆಲಸ ಶುರುವಾಗಿ, ಗಾಡಿಗಳನ್ನೆಲ್ಲ ಹರದನಹಳ್ಳಿಯ ಕಡೆಯ ಹಳ್ಳಿದಾರಿಗೆ ತಿರುಗಿಸಿದರು. ಸ್ಕೂಲು ಬಿಟ್ಟು ನಾಗೇಶ ಮೊದಲ ಸಲ ಆ ದಾರಿಯಲ್ಲಿ ಬರುವಾಗ ಒಂದು ಪುಟ್ಟ ಕೊಪ್ಪಲಿನ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಹಾರ್ನ್ ಹೊಡೆದ. ಕುರಿಗಳು ಕದಲಲಿಲ್ಲ. ಇನ್ನೊಮ್ಮೆ ಹೊಡೆದ.

ಎದುರಿನ ಹೆಂಚಿನ ಮನೆಯ ಬಾಗಿಲು ದಡಾರನೆ ತೆರೆದುಕೊಂಡಿತು. ಐವತ್ತು ದಾಟಿದ ಹೆಂಗಸೊಬ್ಬಳು, ಎರಡೂ ಕೈಗೆ ಅಕ್ಕಿಹಿಟ್ಟು ಮೆತ್ತಿಕೊಂಡು, ಚಪ್ಪಲಿಯೂ ಇಲ್ಲದೆ ಓಡಿ ಬಂದಳು. "ಬಂದ್ಯಾ ಮಗಾ" ಎನ್ನುತ್ತಲೇ ಕುರಿಗಳನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದು ಕಾರಿನ ಬಾಗಿಲು ಹಿಡಿದಳು. ಒಳಗೆ ಬಗ್ಗಿ ನಾಗೇಶನ ಮುಖ ನೋಡಿದಳು. ಕೂಗಲಿಲ್ಲ, ಬೀಳಲಿಲ್ಲ. ಅವಳ ಮುಖದಲ್ಲಿದ್ದ ಸಂತೋಷ ಹೇಗೆ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ನಾಗೇಶ ತನ್ನ ಜನ್ಮದಲ್ಲಿ ಅಂಥದ್ದನ್ನು ನೋಡಿರಲಿಲ್ಲ, ಮುಂದೆ ನೋಡುವುದೂ ಬೇಡ ಎನಿಸಿತು.

"ಇದು ನಮ್ ಮನು ಆರ್ನ್ ಕಣಪ್ಪ" ಎಂದಳು.

ನಾಗೇಶ ಸ್ಟಿಯರಿಂಗಿನಿಂದ ಕೈ ತೆಗೆದ. "ಇಂಥ ಆರ್ನ್ ಊರಲ್ಲಿ ಬೇಕಾದಷ್ಟು ಇರ್ತವೆ ಕಣವ್ವ" ಎಂದ.

"ಎತ್ತೋಳಿಗೆ ಗೊತ್ತಾಗಕಿಲ್ವಾ? ಇನ್ನೊಂದ್ ಸಲ ಒಡಿ."

ಅವನು ಹೊಡೆದ. ತೆಳು ದನಿ ಎದ್ದಿತು, ದಪ್ಪ ದನಿ ಬಿಕ್ಕಿ ಬಂತು. ಅವಳು ಕಣ್ಣು ಮುಚ್ಚಿ ಕೇಳಿದಳು. ಕುರಿ ಕಾಯುವವನು ಮುಖ ಬೇರೆ ಕಡೆಗೆ ತಿರುಗಿಸಿ ಮಂದೆ ಹೊಡೆದುಕೊಂಡು ಹೋದ. ಹಳ್ಳಿಗೆಲ್ಲ ಗೊತ್ತಿದ್ದ ಸಂಗತಿ ನಾಗೇಶನೊಬ್ಬನಿಗೆ ಗೊತ್ತಿರಲಿಲ್ಲ, ಅಷ್ಟೆ. ಸುಳ್ಳು ಹೇಳುವುದಕ್ಕೆ ಆಗದೆ, ಹಾಸನದ ಗುಜರಿಯಿಂದ ತಂದದ್ದು ಎಂದು ಒಪ್ಪಿಕೊಂಡ.

ಅವಳ ಹೆಸರು ಸುವರ್ಣಮ್ಮ. ಒಬ್ಬನೇ ಮಗ ಮನು ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹೋದ ವರ್ಷ ದೀಪಾವಳಿಗೆ ಮುಂಚೆ ಕೆಲಸ ಮುಗಿಸಿ ಬರುವಾಗ ಹೆದ್ದಾರಿಯಲ್ಲೇ ಹೋದ. ಇದನ್ನೆಲ್ಲ ಅವಳು ಹೇಳಿದ್ದು ಅಡಿಗೆಮನೆಯಲ್ಲಿ, ರೊಟ್ಟಿ ತಟ್ಟುತ್ತ. ಬೇಡವೆಂದರೂ ಬಿಡದೆ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿದ್ದಳು. ಹಿಟ್ಟು ಅವನ ಶರಟಿನ ತೋಳಿಗೂ ಮೆತ್ತಿತ್ತು.

"ತಿರುವಲ್ಲಿ ಆರ್ನ್ ಒಡೆಯೋನು. ನಾನು ಇಲ್ಲಿ ರೊಟ್ಟಿ ಅಂಚಿಗಾಕೋಳು. ಕೈಕಾಲು ತೊಳ್ಕಂಡು ಬರೋದ್ರೊಳಗೆ ಬಿಸಿ ರೊಟ್ಟಿ ತಟ್ಟೇಲಿರ್ಬೇಕು. ಆರಿದ್ದು ಮುಟ್ತಿರ್ಲಿಲ್ಲ ಮುಂಡೇದು" ಎಂದಳು. ಹೇಳುವಾಗ ನಕ್ಕಳು ಕೂಡ.

ತಟ್ಟೆಯಲ್ಲಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಬೆಣ್ಣೆ. ತಟ್ಟೆಯ ಅಂಚಿನಲ್ಲಿ ಮನು ಎಂದು ಹೆಸರು ಕೊರೆದಿತ್ತು. ಹೆಸರಿನ ಮೇಲೆ ಚಟ್ನಿ ತಾಗದ ಹಾಗೆ ನಾಗೇಶ ತಿನ್ನತೊಡಗಿದ. ಅಷ್ಟರಲ್ಲಿ ಮನೆಯ ಯಜಮಾನ ರಂಗಸ್ವಾಮಿ ಗದ್ದೆಯಿಂದ ಬಂದ. ಎತ್ತರದ ಆಳು, ಬಿಗಿದ ಬಾಯಿ. ಹೆಂಡತಿ ಹೇಳಿದ್ದನ್ನು ನಿಂತೇ ಕೇಳಿದ. ಹೊರಗೆ ಹೋಗಿ ಕಾರನ್ನು ನೋಡಿ ಬಂದ. ಆಮೇಲೆ ಈ ಸೀಮೆಯಲ್ಲಿ ಯಾರೂ ಕೇಳದೆ ಬಿಡದ ಮಾತು ಕೇಳಿದ.

"ಯಾವೂರಾಯ್ತು ಮೇಷ್ಟ್ರೇ?"

"ಅರಕಲಗೂಡು ಸಾ."

"ಅಲ್ಲಿ ಯಾರ ಪೈಕಿ?"

ಊರು ಕೇಳಿದ್ದು ಮುನ್ನುಡಿ, ಕೇಳಬೇಕಾದದ್ದು ಇದು. ನಾಗೇಶ ತುತ್ತು ನುಂಗಿ, "ನಾವು ಬೌದ್ಧರು ಸಾ. ನಮ್ಮಪ್ಪ ಲಕ್ಕಯ್ಯ ಅಂತ, ರಾಮನಾಥಪುರದ ತಂಬಾಕಿನ ಹರಾಜು ಕಟ್ಟೇಲಿ ಹೊರೆ ಹೊರೋನು" ಎಂದ. ಲಕ್ಕಯ್ಯ ಇಂಥ ಮನೆಗಳ ಹಿತ್ತಿಲು ದಾಟಿ ಒಳಗೆ ಬಂದವನಲ್ಲ. ಮಗ ಅಡಿಗೆಮನೆಯಲ್ಲಿ, ಮನೆಮಗನ ತಟ್ಟೆಯ ಮುಂದೆ ಕೂತಿದ್ದ. ರಂಗಸ್ವಾಮಿಯ ಕಣ್ಣು ತಟ್ಟೆಯ ಮೇಲೆ ಹೋಯಿತು.

ಸುವರ್ಣಮ್ಮ ಇನ್ನೊಂದು ರೊಟ್ಟಿ ತಂದು ಅದೇ ತಟ್ಟೆಗೆ ಹಾಕಿದಳು. "ಉಣ್ಣಾಕ್ ಕೂತಿರೋನ್ನ ಅದೆಲ್ಲ ಯಾಕ್ ಕೇಳ್ತೀರಿ? ಅತ್ಲಾಗೋಗಿ" ಎಂದಳು. ರಂಗಸ್ವಾಮಿ ಕೊಟ್ಟಿಗೆಯ ಕಡೆಗೆ ಹೋದ.

ಹೊರಡುವಾಗ ಅವಳು ಕಾರಿನ ತನಕ ಬಂದು, "ನಾಳೀಕೂ ಇದೇ ದಾರೀಲಿ ಬತ್ತೀಯೇನಪ್ಪ?" ಎಂದು ಕೇಳಿದಳು. ಅವನು ಬರುತ್ತೇನೆ ಎಂದ. ಬೇರೆ ಏನು ಹೇಳಬೇಕಿತ್ತೆಂದು ಅವನಿಗೆ ಇಂದಿಗೂ ತಿಳಿದಿಲ್ಲ.

ಮೋರಿ ಕೆಲಸ ಮುಗಿದು ದೊಡ್ಡ ರಸ್ತೆ ತೆರೆದ ಮೇಲೂ ಅವನು ಆ ಹಳ್ಳಿದಾರಿ ಬಿಡಲಿಲ್ಲ. ತಿರುವಿನಲ್ಲಿ ಹಾರ್ನ್ ಹೊಡೆಯುವುದು, ಬಾಗಿಲಿಗೆ ಬಂದ ಅವಳ ಮುಖ ನೋಡುವುದು, ಒಂದು ಬಿಸಿ ರೊಟ್ಟಿ ತಿಂದು ಹೊರಡುವುದು. ಈಗೀಗ ಅವಳು ತಲೆ ಬಾಚಿಕೊಂಡಿರುತ್ತಿದ್ದಳು, ಒಗೆದ ಸೀರೆ ಉಟ್ಟಿರುತ್ತಿದ್ದಳು. ಕೊಪ್ಪಲಿನ ಜನ, "ಮೇಷ್ಟ್ರೇ, ನಿಮ್ಮಿಂದ ಆವಮ್ಮ ಒಸಿ ಗೆಲುವಾದ್ಲು" ಎಂದರು. ನಾಗೇಶನಿಗೆ ಎದೆ ಉಬ್ಬಿತು. ಎಲ್ಲರೂ ಅಪಶಕುನವೆಂದು ಒದ್ದು ಹೋದ ಸಾಮಾನು ಒಬ್ಬ ತಾಯಿಯ ಕೈಗೆ ಕಸುವು ಕೊಟ್ಟಿದೆ, ಅದನ್ನು ತಂದವನು ತಾನು, ಅದೂ ಕಾಲು ಬೆಲೆಗೆ. ಇದನ್ನು ಅವನು ಸ್ಟಾಫ್ ರೂಮಿನಲ್ಲೂ ಹೇಳಿಕೊಂಡ. ಹೇಳಿಕೊಳ್ಳುವಾಗ ಎಲ್ಲವೂ ಸರಿಯಾಗಿಯೇ ಇದೆ ಎನಿಸಿತು.

ಮನೆಯಲ್ಲಿ ಮಾದಮ್ಮ ಮಾತ್ರ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು, "ನೀನು ಎದ್ದು ಬಂದ್ಮ್ಯಾಕೆ ಅವ್ಳೇನ್ ಮಾಡ್ತಾಳ್ಲಾ?"

ಅದನ್ನು ನಾಗೇಶ ಯೋಚಿಸಿರಲಿಲ್ಲ.

ಅದಕ್ಕೆ ಉತ್ತರ ಹೇಳಲು ರಂಗಸ್ವಾಮಿಯೇ ಬಂದ. ಒಂದು ಮಧ್ಯಾಹ್ನ ಸ್ಕೂಲಿನ ಮೈದಾನದ ಹೊಂಗೆ ಮರದ ಕೆಳಗೆ, ಪಂಚೆ ಮೊಣಕಾಲಿಗೆ ಎಳೆದುಕೊಂಡು ಕೂತಿದ್ದ. ಪಾಠ ನಡೆಯುವಾಗ ಕರೆಸಬೇಡಿ ಎಂದು ಜವಾನನಿಗೆ ಹೇಳಿ ಗಂಟೆ ಹೊಡೆಯುವವರೆಗೂ ಕಾದಿದ್ದ. ನಾಗೇಶ ಬಂದು ಎದುರಿಗೆ ನಿಂತಾಗ ಎದ್ದು ನಿಂತ. ಅದರಿಂದ ನಾಗೇಶನಿಗೆ ಇನ್ನಷ್ಟು ಕಸಿವಿಸಿಯಾಯಿತು.

"ನಿಮ್ ಮ್ಯಾಲೆ ಸಿಟ್ಟಿಲ್ಲ ಮೇಷ್ಟ್ರೇ. ನೀವು ಒಳ್ಳೇದುಕ್ಕೇ ಬಂದ್ರಿ" ಎಂದು ಶುರುಮಾಡಿದ. "ನೀವು ಓದ್ ಮ್ಯಾಲೆ ಏನಾಯ್ತದೆ ಯೋಳ್ತೀನಿ ಕೇಳಿ. ತಟ್ಟೆ ತೊಳೆದು ಬೋರಲಾಕ್ತಾಳೆ. ಆಮ್ಯಾಲೆ ಒಲೆ ಮುಂದೆ ಕೂತ್ಕಂಡು ಅಳ್ತಾಳೆ. ಒಂದಿನ ಅಲ್ಲ, ದಿನಾ. ಅವತ್ತು ಅವನ್ನ ಬಟ್ಟೇಲಿ ಸುತ್ತಿ ಮನೆಗೆ ತಂದಾಗ ಎಂಗೆ ಅತ್ಲೋ ಅಂಗೇ. ಒಸಿ ಒಸಿ ಸರಿ ಓಯ್ತಿದ್ಲು ಸಾ. ಅವ್ನ ಬಟ್ಟೇನ ಯಾರಿಗಾದ್ರೂ ಬಡವ್ರಿಗೆ ಕೊಟ್ಬುಡನ ಅಂತ ಅವಳೇ ಅಂದಿದ್ಲು. ಈಗ ಅದೇ ಬಟ್ಟೇನ ಒಗ್ದು ಮಡಿಸಿ ಇಕ್ತಾಳೆ, ಮತ್ತೆ ತಗ್ದು ಒಗೀತಾಳೆ. ಭಾನುವಾರ ನೀವು ಬರಕಿಲ್ಲ. ರೋಡಿಗೆ ಬಂದು ನಿಂತ್ಕತಾಳೆ. ಮೊನ್ನೆ ಕಬ್ಬಿನ ಲಾರಿಯೋನು ಬ್ರೇಕ್ ಆಕ್ದೆ ಇದ್ದಿದ್ರೆ ಇವಳೂ ಇರ್ತಿರ್ಲಿಲ್ಲ."

ನಾಗೇಶ ಏನೋ ಹೇಳಲು ಹೋದ. ರಂಗಸ್ವಾಮಿ ಕೈ ಅಡ್ಡ ಹಿಡಿದ.

"ನಮ್ಮನೇಲಿ ದಿನಾ ಮಗ ಬತ್ತನೆ, ದಿನಾ ಓಯ್ತನೆ. ಒಂದ್ ಸಲ ಓಗಿದ್ದೇ ತಡ್ಕಳಕ್ಕಾಗಿಲ್ಲ."

ಬಿಗಿದ ಬಾಯಿ ಇನ್ನೂ ಬಿಗಿಯಾಯಿತು. ಮೈದಾನದಲ್ಲಿ ಮಕ್ಕಳು ಕಬಡ್ಡಿ ಆಡುತ್ತ ಗಲಾಟೆ ಮಾಡುತ್ತಿದ್ದರು. ನಾಗೇಶನಿಗೆ ತಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡ ಮಾತುಗಳೆಲ್ಲ ನೆನಪಾಗಿ ಮೈ ಹಿಡಿಯಾಯಿತು. ತಾನು ತಿಂದೆದ್ದ ಒಂದೊಂದು ರೊಟ್ಟಿಗೂ ಆ ಮನೆಯಲ್ಲಿ ಒಂದೊಂದು ಸಾವು ನಡೆದಿದೆ ಎಂದು ಅವನಿಗೆ ಅನಿಸಿತು.

"ಬಿಚ್ಚಾಕ್ಬುಡ್ತೀನಿ ಸಾ" ಎಂದ.

"ಬಿಚ್ಚಿ ಎಸೀಬ್ಯಾಡಿ. ನಂಗೆ ಕೊಡಿ. ಹೊಳೆನರಸೀಪುರದಲ್ಲಿ ಅವ್ನ ಬೂದಿ ಬುಟ್ಟ ಜಾಗದಲ್ಲೇ ಇದನ್ನೂ ಬುಟ್ಬುಡ್ತೀನಿ. ಭಾನುವಾರ ಬೆಳಿಗ್ಗೆ ಹೊಳೆ ತಾವ ಬತ್ತೀನಿ."

ಅವತ್ತು ಸಂಜೆ ನಾಗೇಶ ದೊಡ್ಡ ರಸ್ತೆಯಲ್ಲೇ ಮನೆಗೆ ಹೋದ. ಹರದನಹಳ್ಳಿಯ ಕಡೆಗೆ ತಿರುಗುವಲ್ಲಿ ಅವನ ಕೈ ತಾನಾಗಿಯೇ ಸ್ಟಿಯರಿಂಗ್ ಎಳೆಯಿತು. ಹಂಚಿನ ಮೇಲೆ ರೊಟ್ಟಿ ಹಾಕಲು ಕಾದು ಕೂತವಳು ಕಣ್ಣಿಗೆ ಕಟ್ಟಿದಳು. ಹಲ್ಲು ಕಚ್ಚಿ ನೇರಕ್ಕೆ ಓಡಿಸಿದ. ಅರಕಲಗೂಡಿನ ಅಂಗಡಿಯಲ್ಲಿ ಡಬ್ಬಿಯ ಹಾರ್ನೊಂದನ್ನು ಕೊಂಡ, ಚೌಕಾಸಿ ಮಾಡಲಿಲ್ಲ. ಅಂಗಡಿಯವನು ಇವನಿಗೆ ಜ್ವರವೇ ಎಂದು ನೋಡಿದ.

ಶನಿವಾರ ಸ್ಕೂಲಿನಿಂದ ಬಂದವನೇ ಹಳೆಯ ಜೋಡಿ ಹಾರ್ನನ್ನು ಬಿಚ್ಚಿ ಜಗಲಿಯ ಮೇಲೆ ಗೋಣಿತಾಟು ಹಾಸಿ ಇಟ್ಟುಕೊಂಡ. ತುಕ್ಕು ಹಿಡಿದು, ಕೆಸರು ಮೆತ್ತಿ, ಮೂಲೆಯಲ್ಲಿ ಜೇಡ ಗೂಡು ಕಟ್ಟಿತ್ತು. ಹೀಗೇ ಒಯ್ದು ಒಬ್ಬ ಅಪ್ಪನ ಕೈಗೆ ಕೊಡುವುದು ಹೇಗೆ? ಹೆಣವನ್ನೂ ಮೀಯಿಸಿಯೇ ಕಳಿಸುತ್ತಾರಲ್ಲ, ಎಂದುಕೊಂಡ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದ. ಉಪ್ಪುಕಾಗದ ಹಿಡಿದು ತುಕ್ಕನ್ನೆಲ್ಲ ಉಜ್ಜಿದ. ವೈರು ಕೂರುವ ಪಟ್ಟಿಗಳು ಹಸಿರು ಕಟ್ಟಿದ್ದವು, ಅವನ್ನೂ ಕೆರೆದು ಹೊಳೆಯುವ ಹಾಗೆ ಮಾಡಿದ. ಹಾರ್ನಿನ ಬೆನ್ನಿಗೆ ದನಿ ಹದಮಾಡುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹಾಳಾದದ್ದು ಕಂಡರೆ ಸರಿಮಾಡದೆ ಬಿಡದ ಕೈ ಅದು, ಸ್ಕ್ರೂ ಮೇಲೆ ತಾನಾಗಿ ಹೋಯಿತು. ಅಷ್ಟು ತಿರುಗಿಸಿ, ಬ್ಯಾಟರಿಗೆ ಮುಟ್ಟಿಸಿ, ಮತ್ತೆ ಚೂರು ತಿರುಗಿಸಿ ನೋಡಿದ. ಎರಡೂ ದನಿ ಕೂಡಿ, ತುಂಬಿಕೊಂಡು, ಒಂದೇ ಏಟಿಗೆ ಎದ್ದವು.

"ಅಬ್ಬಾ, ಈಗ ಚೆನ್ನಾಗೈತೆ" ಎಂದಳು ಭಾನುಪ್ರಿಯಾ ಒಳಗಿಂದ.

ನಾಗೇಶನಿಗೂ ಸಮಾಧಾನವಾಯಿತು. ಎಷ್ಟೋ ದಿನದ ಮೇಲೆ ಒಂದು ಕೆಲಸ ನೆಟ್ಟಗೆ ಮಾಡಿದೆ ಎನಿಸಿತು. ಹೊಸ ಬಿಳಿ ಪಂಚೆಯೊಂದನ್ನು ತೆಗೆದು ಅದರಲ್ಲಿ ಹಾರ್ನುಗಳನ್ನು ಸುತ್ತಿಟ್ಟ.

ಭಾನುವಾರ ಹೊಳೆನರಸೀಪುರದಲ್ಲಿ ಹೇಮಾವತಿ ತಣ್ಣಗೆ ಹರಿಯುತ್ತಿತ್ತು. ಮೆಟ್ಟಿಲಿನಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ರಂಗಸ್ವಾಮಿ ಮೊದಲೇ ಬಂದು ಕೂತಿದ್ದ. ತಲೆಗೆ ಸ್ನಾನ ಮಾಡಿದ್ದ, ಕೈಯಲ್ಲಿ ಒಂದು ಪೊಟ್ಟಣ ಹೂವು, ಊದುಬತ್ತಿ. ನಾಗೇಶ ಕೊಟ್ಟ ಪಂಚೆಯ ಗಂಟು ಬಿಚ್ಚಿ ನೋಡಿ, "ಇಷ್ಟು ಫಳಫಳ ಅಂತೈತಲ್ಲ" ಎಂದ. ಹೊಗಳಿದನೋ ಬೈದನೋ ಗೊತ್ತಾಗಲಿಲ್ಲ. ಹೂವು ಇಟ್ಟು, ಊದುಬತ್ತಿ ಹಚ್ಚಿ, ನೀರಿಗಿಳಿಯಲು ಎದ್ದವನು ಮತ್ತೆ ಕೂತ.

"ಮೇಷ್ಟ್ರೇ, ಒಂದ್ ಸಲ ಒಡೀರಿ."

ನಾಗೇಶ ಮುಖ ನೋಡಿದ.

"ನಾನು ಒಂದಿನಾನೂ ನೆಟ್ಟಗೆ ಕೇಳಿಲ್ಲ. ಅವನು ಇದ್ದಾಗ ಅವಳು ಓಡೋಳು, ನಾನು ಕೊಟ್ಟಿಗೇಲಿರ್ತಿದ್ದೆ. ನೀವು ಬರೋವಾಗ ಬೇಕು ಅಂತ್ಲೇ ಗದ್ದೆಗೋಗ್ಬುಡ್ತಿದ್ದೆ, ಕೇಳುಸ್ದೆ ಇರ್ಲಿ ಅಂತ. ಬುಡಕ್ಕೆ ಮುಂಚೆ ಒಂದ್ ಸಲ ಕೇಳ್ಬುಡ್ತೀನಿ."

ಅವತ್ತು ಸ್ಕೂಲಿಗೆ ಬಂದು ಹೆಂಡತಿಯ ಸಂಕಟವನ್ನಷ್ಟೇ ಹೇಳಿದವನು ತನ್ನದನ್ನು ಎಲ್ಲಿಟ್ಟುಕೊಂಡಿದ್ದ ಎಂದು ನಾಗೇಶನಿಗೆ ಆಗ ತಿಳಿಯಿತು. ಕಾರನ್ನು ಮೆಟ್ಟಿಲಿನ ಹತ್ತಿರಕ್ಕೆ ತಂದು, ಬಾನೆಟ್ ಎತ್ತಿ, ಹಾರ್ನಿಗೆ ವೈರು ಸಿಕ್ಕಿಸಿದ. ರಂಗಸ್ವಾಮಿ ಟವಲು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕಾದ. ನಾಗೇಶ ವೈರನ್ನು ಬ್ಯಾಟರಿಗೆ ಮುಟ್ಟಿಸಿದ.

ತುಂಬು ದನಿ, ಒಂದೇ ಏಟಿಗೆ, ಚೊಕ್ಕಟವಾಗಿ ಎದ್ದು ಹೊಳೆಯ ಆಚೆ ದಡದ ತನಕ ಹೋಯಿತು.

ರಂಗಸ್ವಾಮಿ ಕಣ್ಣು ಬಿಟ್ಟ. "ಇದಲ್ಲ" ಎಂದ.

"ಇದೇ ಸಾ. ಅದೇ ಆರ್ನ್."

"ಇದಲ್ಲ ಮೇಷ್ಟ್ರೇ. ಅದು ಬಿಕ್ತಿತ್ತು." ರಂಗಸ್ವಾಮಿ ಎದ್ದು ಕಾರಿನ ಹತ್ತಿರ ಬಂದ. "'ಏನ್ಲಾ ಅದು ಗೂರ್ಲು ಬಂದೋರಂಗೆ ಕೆಮ್ತದೆ, ಸರಿಮಾಡ್ಸ್ಲಾ' ಅಂತ ನಾನೇ ಬೈತಿದ್ದೆ. 'ಬ್ಯಾಡ ಕಣಪ್ಪ, ಅವ್ವಂಗೆ ನನ್ನ ಗಾಡಿ ಗೊತ್ತಾಗ್ಲಿ ಅಂತ ಅಂಗೇ ಬುಟ್ಟಿವ್ನಿ' ಅನ್ನೋನು. ಆ ಬಿಕ್ಕದೇ ಅವ್ನು. ಅದೆಲ್ಲೋಯ್ತು?"

ನಾಗೇಶ ವೈರು ಕೆಳಗಿಟ್ಟ. ಉಪ್ಪುಕಾಗದ, ಸೀಮೆಎಣ್ಣೆ, ಭಾನುಪ್ರಿಯಾ ಒಳಗಿಂದ ಹೇಳಿದ ಮಾತು ಎಲ್ಲ ಒಟ್ಟಿಗೆ ನೆನಪಾಯಿತು. "ನಾನೇ ಸರಿಮಾಡ್ಬುಟ್ಟೆ ಸಾ" ಎಂದ. ದನಿ ಏಳಲಿಲ್ಲ. "ಚೆನ್ನಾಗಿರ್ಲಿ ಅಂತ ಮಾಡ್ದೆ. ತಡೀರಿ, ಸ್ಕ್ರೂ ತಿರುಗಿಸಿದ್ರೆ ಬತ್ತದೆ. ಇರಿ, ಬಂದೇ ಬತ್ತದೆ."

ಸ್ಕ್ರೂಡ್ರೈವರ್ ತೆಗೆದು ಬೆನ್ನಿನ ಸ್ಕ್ರೂ ಹಿಂದಕ್ಕೆ ತಿರುಗಿಸಿದ. ಹಾರ್ನ್ ಮೇಕೆಮರಿಯ ಹಾಗೆ ಅರಚಿತು. ರಂಗಸ್ವಾಮಿ ತಲೆಯಾಡಿಸಿದ. ಇನ್ನೂ ತಿರುಗಿಸಿದ, ದನಿ ದಪ್ಪವಾಗಿ ಗೊಗ್ಗರಾಯಿತು. ಅದೂ ಅಲ್ಲ. ಇನ್ನೊಂದು ಚೂರು, ಹಾರ್ನ್ ಪೂರ್ತಿ ನಿಂತಿತು. ಮುಂದಕ್ಕೆ ತಿರುಗಿಸಿದ. ಚಳಿಯಲ್ಲೂ ನಾಗೇಶನ ಹಣೆಯಿಂದ ಬೆವರಿಳಿದು ಬ್ಯಾಟರಿಯ ಮೇಲೆ ಬಿತ್ತು. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ, ಇವರ್ಯಾವ ಹುಚ್ಚರಪ್ಪ ಎಂದು ಇತ್ತ ನೋಡುತ್ತಿದ್ದರು. ಒಂದೊಂದು ಸಲ ದನಿ ಎದ್ದಾಗಲೂ ರಂಗಸ್ವಾಮಿಯ ಮುಖ ಆಸೆಯಿಂದ ಮುಂದಕ್ಕೆ ಬರುತ್ತಿತ್ತು, ಕೇಳುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಕೊಪ್ಪಲಿನ ತಿರುವಿನಲ್ಲಿ ಮೊದಲ ದಿನ ಸುವರ್ಣಮ್ಮನ ಮುಖದಲ್ಲಿ ಕಂಡದ್ದನ್ನೇ ನಾಗೇಶ ಇಲ್ಲಿ ಮತ್ತೆ ಮತ್ತೆ ನೋಡಬೇಕಾಯಿತು. ಎಷ್ಟು ವರ್ಷದ ಮಳೆ, ಎಷ್ಟು ವರ್ಷದ ತುಕ್ಕು ಸೇರಿ ಆ ಬಿಕ್ಕು ಆಗಿತ್ತೋ, ಅದನ್ನೆಲ್ಲ ಅವನು ಶನಿವಾರ ಉಜ್ಜಿ ಬಚ್ಚಲಿಗೆ ಚೆಲ್ಲಿದ್ದ.

ಕೊನೆಗೆ ರಂಗಸ್ವಾಮಿ ಸ್ಕ್ರೂಡ್ರೈವರ್ ಹಿಡಿದಿದ್ದ ನಾಗೇಶನ ಕೈಯ ಮೇಲೆ ತನ್ನ ಕೈ ಇಟ್ಟ. ಮಣ್ಣು ಕೆಲಸದ ಒರಟು ಕೈ.

"ಸಾಕು ಬುಡಿ."

"ಸಾ, ತಪ್ಪಾಯ್ತು. ನಂಗೆ ಹೊಳೀನೇ ಇಲ್ಲ…"

"ನಿಮಗೆಂಗೆ ಗೊತ್ತಾಗ್ಬೇಕು. ಎತ್ತಪ್ಪ ನಾನು, ನಂಗೇ ಇವತ್ತು ಗೊತ್ತಾಗಿದ್ದು" ಎಂದ ರಂಗಸ್ವಾಮಿ. ಹಾರ್ನಿನ ಮೇಲಿದ್ದ ಹೂವನ್ನು ಮಾತ್ರ ಎತ್ತಿಕೊಂಡು ಹೋಗಿ ನೀರಿಗೆ ಬಿಟ್ಟ. ಹಾರ್ನನ್ನು ಮುಟ್ಟಲಿಲ್ಲ. ಹಿಂದಕ್ಕೆ ಬಂದು, ಟವಲಿನಲ್ಲಿ ಮುಖ ಒರೆಸಿಕೊಂಡು, ಮೆಟ್ಟಿಲು ಹತ್ತುವಾಗ ನಿಂತ.

"ಸುವರ್ಣಂಗೆ ಇದ್ಯಾವ್ದೂ ಗೊತ್ತಾಗದು ಬ್ಯಾಡ ಮೇಷ್ಟ್ರೇ. ನಿಮಗೆ ದೂರಕ್ಕೆ ಟ್ರಾನ್ಸ್‌ಫರ್ ಆಯ್ತು ಅಂತ ಯೋಳ್ತೀನಿ. ಆ ಆರ್ನ್ ಎಲ್ಲೋ ಒಂದ್ಕಡೆ ಓಡಾಡ್ಕಂಡೈತೆ ಅಂತ ಅವ್ಳು ಅನ್ಕಂಡಿರ್ಲಿ."

ಅವನು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದು ಹೋದ. ಕಾರಿನಲ್ಲಿ ಬಿಡುತ್ತೇನೆ ಎಂದು ನಾಗೇಶ ಕರೆಯಲಿಲ್ಲ. ಬಾನೆಟ್ಟಿನ ಕೆಳಗೆ ತಲೆ ತಗ್ಗಿಸಿ, ಯಾರು ನೋಡಿದರೆ ಏನು ಎಂದು, ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಕೈ ಒರೆಸಿಕೊಂಡು ಮತ್ತೆ ಸ್ಕ್ರೂ ತಿರುಗಿಸತೊಡಗಿದ.